ಪಾಠದೊಳಗೆ ಕಲೆ: ಒಂದರಿಂದ ಎಂಟನೆಯ ತರಗತಿವರೆಗೆ ಕಲಾ ಸಂಯೋಜಿತ ಕಲಿಕೆಯನ್ನು ರೂಪಿಸುವ ಬಗೆ

ಕಲಾ ಸಂಯೋಜಿತ ಕಲಿಕೆಯ ಕುರಿತು ಪ್ರಾಥಮಿಕ ಶಾಲೆಯ ಶಿಕ್ಷಕರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ನಾಲ್ಕೇ. ಇದಕ್ಕೂ ಚಿತ್ರಕಲೆಯ ಅವಧಿಗೂ ಏನು ವ್ಯತ್ಯಾಸ? ಶಾಲೆಯಲ್ಲಿ ಕಲಾ ಶಿಕ್ಷಕರೇ ಇಲ್ಲದಿದ್ದರೆ ಯಾರು ಮಾಡಬೇಕು? ಪಠ್ಯ ಮುಗಿಸುವ ಒತ್ತಡದ ನಡುವೆ ಸಮಯವನ್ನು ಎಲ್ಲಿಂದ ತರಬೇಕು? ಅಂಕ ಹೇಗೆ ಕೊಡಬೇಕು? ತರಬೇತಿಗಳಲ್ಲಿ ಉದ್ದೇಶದ ಬಗ್ಗೆ ಬೇಕಾದಷ್ಟು ಹೇಳುತ್ತಾರೆ. ಆದರೆ ಸೋಮವಾರ ಬೆಳಿಗ್ಗೆ ತರಗತಿಗೆ ಹೋಗಿ ಮೊದಲು ಏನು ಮಾಡಬೇಕೆಂಬುದು ಅಲ್ಲಿ ಸಿಗುವುದು ಕಡಿಮೆ. ಆ ಕೊರತೆಯನ್ನು ತುಂಬುವ ಸಲುವಾಗಿ, ಕನ್ನಡ ನಾಡಿನ ಶಾಲೆಗಳನ್ನೇ ಕಣ್ಣ ಮುಂದಿಟ್ಟುಕೊಂಡು, ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ಪದದ ಅರ್ಥ. ಕಲೆಯನ್ನು ಒಂದು ಪ್ರತ್ಯೇಕ ವಿಷಯವಾಗಿ ಕಲಿಸುವುದು ಕಲಾ ಶಿಕ್ಷಣ. ಗಣಿತ, ವಿಜ್ಞಾನ, ಭಾಷೆ, ಸಮಾಜ ವಿಜ್ಞಾನಗಳ ಪರಿಕಲ್ಪನೆಯನ್ನು ಒಂದು ಕಲೆಯ ಮೂಲಕವೇ ಮಗು ಕಟ್ಟಿಕೊಳ್ಳುವಂತೆ ಮಾಡುವುದು ಕಲಾ ಸಂಯೋಜಿತ ಕಲಿಕೆ. ಇಲ್ಲಿ ಕಲೆ ಎಂದರೆ ಚಿತ್ರ, ಮಣ್ಣಿನ ಕೆಲಸ, ಕಸೂತಿಯಂಥ ದೃಶ್ಯಕಲೆಗಳೂ ಹೌದು, ಹಾಡು, ತಾಳ, ಕುಣಿತ, ನಾಟಕ, ಗೊಂಬೆಯಾಟದಂಥ ಪ್ರದರ್ಶನ ಕಲೆಗಳೂ ಹೌದು. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ (ಎನ್‌ಸಿಇಆರ್‌ಟಿ) 2019ರಲ್ಲಿ ಇದಕ್ಕೆ ಮಾರ್ಗಸೂಚಿಯನ್ನು ಹೊರತಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಎಲ್ಲ ವಿಷಯಗಳಿಗೂ ಅನ್ವಯಿಸುವ ಬೋಧನಾ ವಿಧಾನವೆಂದು ಇದನ್ನು ಗುರುತಿಸಿತು. ಕಲಾ ಶಿಕ್ಷಣಕ್ಕೆ ಇದು ಬದಲಿ ಅಲ್ಲ. ಚಿತ್ರಕಲೆ ಅಥವಾ ಸಂಗೀತದ ಅವಧಿಯನ್ನು ಕಿತ್ತುಕೊಂಡು, ‘ವಿಜ್ಞಾನದಲ್ಲೇ ಚಿತ್ರ ಬರೆಸುತ್ತಿದ್ದೇವಲ್ಲ’ ಎನ್ನುವ ಶಾಲೆ ಎರಡನ್ನೂ ಕಳೆದುಕೊಳ್ಳುತ್ತದೆ.

ಕಲಾ ಶಿಕ್ಷಕರಿಲ್ಲ ಎಂಬ ಅಳಲು ನಿಜವಾದದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿಯೇ ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಮಾತ್ರ ಅರೆಕಾಲಿಕ ಕಲಾ ಬೋಧಕರನ್ನು ಹೇಳಲಾಗಿದೆ. ಹಳ್ಳಿಯ ಸಣ್ಣ ಶಾಲೆಗಳು ಆ ಮಿತಿಯೊಳಗೆ ಬರುವುದೇ ಇಲ್ಲ. ಹೀಗಾಗಿ ಈ ಲೇಖನದ ಎಲ್ಲ ಹಂತಗಳನ್ನೂ ಕಲೆಯಲ್ಲಿ ವಿಶೇಷ ತರಬೇತಿ ಇಲ್ಲದ ತರಗತಿ ಶಿಕ್ಷಕರೇ ಮಾಡಬಹುದಾದಂತೆ ಇಟ್ಟಿದ್ದೇನೆ.

ಆರಂಭಿಸುವ ಮುನ್ನ ನಿಮ್ಮ ಬಳಿ ಇರಬೇಕಾದವು ಇಷ್ಟು: ನಿಮ್ಮ ತರಗತಿಯ ಪಠ್ಯಪುಸ್ತಕ, ಆ ವಿಷಯದ ಕಲಿಕಾ ಫಲಗಳ ಪಟ್ಟಿ (ವರ್ಷದ ಕೊನೆಗೆ ಮಗು ಏನು ಮಾಡಬಲ್ಲುದಾಗಿರಬೇಕೆಂದು ಹೇಳುವ ವಾಕ್ಯಗಳು), ಶಾಲೆಯ ವಾರ್ಷಿಕ ಕ್ರಿಯಾಯೋಜನೆ, ಮತ್ತು ಮುಖ್ಯ ಶಿಕ್ಷಕರ ಒಪ್ಪಿಗೆ. ಕೊನೆಯದನ್ನು ಹಗುರವಾಗಿ ಕಾಣಬೇಡಿ. ತರಗತಿಯಿಂದ ಚಪ್ಪಾಳೆ, ಹಾಡು ಕೇಳಿಬಂದಾಗ ಪಕ್ಕದ ಕೊಠಡಿಯವರು ದೂರುವುದಕ್ಕೆ ಮೊದಲೇ ಅವರಿಗೂ ವಿಷಯ ತಿಳಿದಿರಬೇಕು.

ಹಂತ 1: ಕಲೆಯಿಂದಲ್ಲ, ಕಲಿಕಾ ಫಲದಿಂದ ಹೊರಡಿ

‘ಈ ತಿಂಗಳು ಗೊಂಬೆಯಾಟ ಮಾಡಿಸೋಣ, ಯಾವ ಪಾಠಕ್ಕೆ ಹೊಂದುತ್ತದೋ ನೋಡೋಣ’ ಎಂದು ಹೊರಟರೆ ಗೊಂಬೆಯಾಟವಾಗುತ್ತದೆ, ಪಾಠವಾಗುವುದಿಲ್ಲ. ನಿಮ್ಮ ತರಗತಿಯ ಮಕ್ಕಳು ಪ್ರತಿವರ್ಷ ಎಡವುವ ಒಂದು ಪರಿಕಲ್ಪನೆಯನ್ನು ಆರಿಸಿಕೊಳ್ಳಿ. ಉತ್ತರ ಬರೆಯುತ್ತಾರೆ, ಆದರೆ ಅರ್ಥವಾಗಿಲ್ಲ ಎಂದು ನಿಮಗೆ ಒಳಗೊಳಗೇ ಗೊತ್ತಿರುವ ಪಾಠ ಯಾವುದೋ ಅದೇ ಸರಿಯಾದ ಆಯ್ಕೆ. ಒಂದು ಅರ್ಧವರ್ಷಕ್ಕೆ ಒಂದು ವಿಷಯದಲ್ಲಿ ಒಂದೇ ಘಟಕ ಸಾಕು. ಮೊದಲ ವರ್ಷವೇ ಎಲ್ಲ ಪಾಠಗಳಿಗೂ ಕಲೆಯನ್ನು ಜೋಡಿಸಲು ಹೊರಟ ಶಿಕ್ಷಕರು ದಸರಾ ರಜೆಯ ಹೊತ್ತಿಗೆ ದಣಿದು, ಇಡೀ ವಿಧಾನವನ್ನೇ ಕೈಬಿಡುತ್ತಾರೆ.

ಹಂತ 2: ಆ ಪರಿಕಲ್ಪನೆಯ ನಿಯಮವನ್ನೇ ತನ್ನೊಳಗೆ ಹೊತ್ತಿರುವ ಕಲೆಯನ್ನು ಹುಡುಕಿ

ಇಡೀ ಕೆಲಸದ ತಿರುಳು ಇದು, ಮತ್ತು ಹೆಚ್ಚಿನವರು ತಪ್ಪುವುದೂ ಇಲ್ಲಿಯೇ. ಸಸ್ಯದ ಭಾಗಗಳ ಚಿತ್ರಕ್ಕೆ ಬಣ್ಣ ತುಂಬಿಸುವುದು, ಗುಣಾಕಾರದ ಮಗ್ಗಿಯನ್ನು ಸಿನಿಮಾ ಹಾಡಿನ ಧಾಟಿಯಲ್ಲಿ ಹಾಡಿಸುವುದು, ಸ್ವಾತಂತ್ರ್ಯ ಹೋರಾಟಗಾರರ ವೇಷ ಹಾಕಿಸುವುದು: ಇವು ಕೆಟ್ಟವಲ್ಲ, ಆದರೆ ಸಂಯೋಜನೆಯೂ ಅಲ್ಲ. ಪರೀಕ್ಷಿಸಿಕೊಳ್ಳಲು ಒಂದು ಪ್ರಶ್ನೆ ಸಾಕು: ಈ ಚಟುವಟಿಕೆಯಿಂದ ಕಲೆಯನ್ನು ತೆಗೆದುಬಿಟ್ಟರೆ ಪರಿಕಲ್ಪನೆ ಹಾಗೆಯೇ ಉಳಿಯುತ್ತದೆಯೇ? ಉಳಿಯುವುದಾದರೆ ಅಲ್ಲಿ ಕಲೆ ಕೇವಲ ಅಲಂಕಾರ. ಗಣಿತದ ನಿಯಮ ಮೀರಿದರೆ ಕಲೆಯೂ ಕೆಡಬೇಕು, ಕಲೆ ಕೆಟ್ಟದ್ದರಿಂದಲೇ ಗಣಿತದ ತಪ್ಪು ಮಗುವಿಗೆ ಕಾಣಬೇಕು. ಅಂಥ ಜೋಡಿಗಳು ನಮ್ಮ ಸುತ್ತ ಬೇಕಾದಷ್ಟಿವೆ.

ಚುಕ್ಕಿ ರಂಗೋಲಿಯನ್ನು ನೋಡಿ. ಏಳು ಚುಕ್ಕಿಯಿಂದ ಒಂದರವರೆಗೆ ನೇರ ಚುಕ್ಕಿ ಇಡುವಾಗ ಸಾಲುಗಳು 1, 3, 5, 7, 5, 3, 1 ಎಂದು ಬರುತ್ತವೆ; ಒಟ್ಟು 25. ಮೇಲಿನಿಂದ ಏಳರ ಸಾಲಿನವರೆಗೆ ಎಣಿಸಿದರೆ 16, ಕೆಳಗೆ ಉಳಿದದ್ದು 9. ಬೆಸಸಂಖ್ಯೆಗಳನ್ನು ಒಂದರಿಂದ ಕ್ರಮವಾಗಿ ಕೂಡಿದರೆ ವರ್ಗಸಂಖ್ಯೆ ಸಿಗುತ್ತದೆಂಬುದನ್ನು ಸೂತ್ರವಾಗಿ ಹೇಳುವ ಮೊದಲೇ ಐದನೆಯ ತರಗತಿಯ ಮಗು ಅಂಗಳದಲ್ಲಿ ಅದನ್ನು ಇಟ್ಟು ನೋಡಬಹುದು. ಒಂದು ಚುಕ್ಕಿ ತಪ್ಪಿದರೂ ಎಳೆ ಕೂಡುವುದಿಲ್ಲ, ಯಾರೂ ಹೇಳದೆಯೇ ಮಗು ಮತ್ತೆ ಎಣಿಸುತ್ತದೆ.

ಧಾರವಾಡ ಸೀಮೆಯ ಕಸೂತಿ ಇನ್ನೊಂದು. ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳದೆ ಎಳೆಗಳನ್ನು ಎಣಿಸಿಯೇ ಹೊಲಿಯುವ ಕಲೆಯಿದು. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಬಿಟ್ಟು ಒಂದು ಜಾಗ ತುಂಬುತ್ತ ಮುಂದೆ ಹೋಗಿ, ಬಂದ ದಾರಿಯಲ್ಲೇ ಮರಳುತ್ತ ಖಾಲಿ ಬಿಟ್ಟದ್ದನ್ನು ತುಂಬುತ್ತದೆ. ಬಟ್ಟೆಯ ಎರಡೂ ಮೈಯಲ್ಲಿ ವಿನ್ಯಾಸ ಒಂದೇ ರೀತಿ ಕಾಣುತ್ತದೆ. ಆರು, ಏಳನೆಯ ತರಗತಿಯ ಸಮಮಿತಿಯ ಪಾಠಕ್ಕೆ, ಅಂದರೆ ಒಂದು ಆಕೃತಿಯನ್ನು ಗೆರೆಯೊಂದರ ಮೇಲೆ ಮಡಚಿದರೆ ಎರಡೂ ಭಾಗ ಒಂದಕ್ಕೊಂದು ಕೂಡುತ್ತವೆಯೇ ಎಂದು ನೋಡುವುದಕ್ಕೆ, ಗೋಪುರದ ಅಥವಾ ಕಮಲದ ಅರ್ಧ ವಿನ್ಯಾಸವನ್ನು ಚೌಕುಳಿ ಹಾಳೆಯಲ್ಲಿ ಕೊಟ್ಟು ಉಳಿದರ್ಧವನ್ನು ಎಣಿಸಿ ಪೂರೈಸಲು ಹೇಳಿ. ಸೂಜಿ ಹಿಡಿಯುವುದು ಆಮೇಲೆ.

ಕನ್ನಡ ಭಾಷೆಯ ಅವಧಿಗೆ ಛಂದಸ್ಸು ಸಿದ್ಧವಾಗಿಯೇ ಇದೆ. ಆರು ಸಾಲಿನ ಭಾಮಿನಿ ಷಟ್ಪದಿಯ ಚಿಕ್ಕ ಸಾಲು 3, 4, 3, 4 ಮಾತ್ರೆಗಳ ಗಣಗಳಲ್ಲಿ ನಡೆಯುತ್ತದೆ. ಮೂರನೆಯ ಮತ್ತು ಆರನೆಯ ಸಾಲಿನಲ್ಲಿ ಇದೇ 3, 4ರ ಜೋಡಿ ಮೂರು ಬಾರಿ ಬಂದು ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ನಿಲ್ಲುತ್ತದೆ. ಪ್ರಸ್ತಾರ ಹಾಕಿಸುವ ಮೊದಲು 3+4ರ ನಡೆಯನ್ನು ಚಪ್ಪಾಳೆಯಲ್ಲಿ ಹಿಡಿಸಿದರೆ (ಮಿಶ್ರ ಛಾಪು ತಾಳದ ಏಳು ಎಣಿಕೆಯೂ ಇದೇ) ಗಣ ವಿಭಾಗಿಸುವ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಮಕ್ಕಳ ಕಿವಿಯೇ ಹೇಳುತ್ತದೆ.

ಹಂತ 3: ಊರಿನಲ್ಲಿ ಏನಿದೆ, ಯಾರಿದ್ದಾರೆ ಎಂಬುದನ್ನು ಪಟ್ಟಿ ಮಾಡಿ

ಕರಾವಳಿಯಲ್ಲಿದ್ದರೆ ಯಕ್ಷಗಾನ, ತಾಳಮದ್ದಳೆ. ಮಲೆನಾಡಿನ ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ. ಬೆಳಗಾವಿ, ವಿಜಯಪುರದ ಕಡೆ ಗೀಗೀ ಪದ. ಕೊಪ್ಪಳದಲ್ಲಿ ಕಿನ್ನಾಳದ ಗೊಂಬೆ, ತೊಗಲು ಗೊಂಬೆಯಾಟ. ಮೈಸೂರು, ಚಾಮರಾಜನಗರದಲ್ಲಿ ಕಂಸಾಳೆ. ಮಕ್ಕಳಿಗೇ ಒಂದು ವಾರದ ಮನೆಗೆಲಸವಾಗಿ ಕೊಡಿ: ಮನೆಯಲ್ಲಿ, ಓಣಿಯಲ್ಲಿ ಯಾರು ಹಾಡುತ್ತಾರೆ, ಬಾರಿಸುತ್ತಾರೆ, ಹೆಣೆಯುತ್ತಾರೆ, ಬರೆಯುತ್ತಾರೆ? ಕಲಾವಿದರಿಲ್ಲದ ಊರು ಎಂದುಕೊಂಡಿದ್ದ ಕಡೆ ಹಂತಿ ಪದ ಹಾಡುವ ಅಜ್ಜ, ಸೋಬಾನೆ ಪದ ಬಲ್ಲ ಅಜ್ಜಿ, ಭಜನಾ ಮಂಡಳಿಯ ದಮ್ಮಡಿಯವರು ಹೊರಗೆ ಬರುತ್ತಾರೆ.

ಅವರನ್ನು ಶಾಲೆಗೆ ಕರೆಯುವಾಗ ಮೂರು ಎಚ್ಚರಗಳು. ಒಂದು, ಹಾರ ಶಾಲು ಹಾಕಿ ಅರ್ಧ ಗಂಟೆ ಪ್ರದರ್ಶನ ನೋಡಿ ಕಳಿಸಿದರೆ ಮಕ್ಕಳು ಕೇವಲ ಪ್ರೇಕ್ಷಕರಾಗಿ ಉಳಿಯುತ್ತಾರೆ. ಕಡಿಮೆಯೆಂದರೆ ಎರಡು ಬಾರಿ ಬರುವಂತೆ ಕೇಳಿ, ಮೊದಲು ತೋರಿಸಲು, ನಂತರ ಮಕ್ಕಳ ಕೆಲಸವನ್ನು ತಿದ್ದಲು. ಎರಡು, ಅವರ ಒಂದು ದಿನದ ಕೂಲಿ ತಪ್ಪುತ್ತದೆ ಎಂಬುದನ್ನು ಮರೆಯಬೇಡಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಗೌರವಧನದ ವಿಷಯವನ್ನು ಮೊದಲೇ ನಿರ್ಣಯಿಸಿಕೊಳ್ಳಿ. ಮೂರು, ಕೆಲವು ಕಲೆಗಳು ಆರಾಧನೆಯ ಭಾಗ. ಭೂತಾರಾಧನೆಯ ಅಣಿ (ಬೆನ್ನಿಗೆ ಕಟ್ಟುವ ಪ್ರಭಾವಳಿ), ಬಣ್ಣಗಳನ್ನು ತರಗತಿಯ ವೇಷವಾಗಿ ಮಾಡಿಸುವುದು ಆ ಸಮುದಾಯಕ್ಕೆ ನೋವು ತರಬಹುದು. ಯಾವುದನ್ನು ಮಕ್ಕಳ ಕೈಗೆ ಕೊಡಬಹುದು, ಯಾವುದನ್ನು ಕೊಡಬಾರದು ಎಂದು ಅವರನ್ನೇ ಕೇಳಿ ಮುಂದುವರಿಯಿರಿ. ಹಾಗೆಯೇ, ಒಂದು ಕಲೆಯನ್ನು ಅದೇ ಸಮುದಾಯದ ಮಗುವಿಗಷ್ಟೇ ಅಂಟಿಸಿ, ‘ಇದು ನಿಮ್ಮವರದ್ದಲ್ಲವೇ, ನೀನೇ ಮಾಡು’ ಎನ್ನುವ ಮಾತು ತರಗತಿಯಲ್ಲಿ ಎಂದೂ ಬರಬಾರದು.

ಹಂತ 4: ವೇಳಾಪಟ್ಟಿಯಲ್ಲಿ ಜಾಗ ಮಾಡಿ

ನಲವತ್ತು ನಿಮಿಷದ ಒಂದೇ ಅವಧಿಯಲ್ಲಿ ಸಾಮಗ್ರಿ ಹಂಚಿ, ಕೆಲಸ ಮಾಡಿಸಿ, ಚರ್ಚಿಸಿ ಮುಗಿಸಲಾಗದು. ವಾರಕ್ಕೊಮ್ಮೆ ಎರಡು ಅವಧಿಗಳನ್ನು ಕೂಡಿಸಿದ ಜೋಡಿ ಅವಧಿ ಬೇಕು. ಪಕ್ಕದ ಅವಧಿಯ ಶಿಕ್ಷಕರೊಡನೆ ಅದಲು ಬದಲು ಮಾಡಿಕೊಂಡರೆ ಯಾರ ಪಾಲೂ ಕಡಿಮೆಯಾಗುವುದಿಲ್ಲ. ಒಂದು ಘಟಕಕ್ಕೆ ಆರು ಅವಧಿಗಳನ್ನು ಇಟ್ಟುಕೊಳ್ಳಿ. ಆ ಪಾಠಕ್ಕೆ ನೀವು ಹೇಗೂ ಕೊಡುತ್ತಿದ್ದ ಅವಧಿಗಳೇ ಇವು, ಹೆಚ್ಚುವರಿ ಅಲ್ಲ. ಸಂಭ್ರಮ ಶನಿವಾರದಂಥ ಬ್ಯಾಗ್‌ರಹಿತ ದಿನಗಳನ್ನು ಕಲಾವಿದರ ಭೇಟಿಗೆ ಬಳಸಿ. ಶಿಕ್ಷಣ ನೀತಿಯೂ ಆರರಿಂದ ಎಂಟನೆಯ ತರಗತಿಗಳಿಗೆ ಸ್ಥಳೀಯ ಕುಶಲಕರ್ಮಿಗಳೊಡನೆ ಕಲಿಯುವ 10 ಬ್ಯಾಗ್‌ರಹಿತ ದಿನಗಳನ್ನು ಸೂಚಿಸಿದೆ. ಆದರೆ ಘಟಕದ ಮುಖ್ಯ ಕೆಲಸವನ್ನು ಅಂಥ ದಿನಗಳಿಗೆ ತಳ್ಳಬೇಡಿ. ತಳ್ಳಿದೊಡನೆ ಮಕ್ಕಳ ಮನಸ್ಸಿನಲ್ಲಿ ಅದು ಪಾಠವಾಗಿ ಉಳಿಯುವುದಿಲ್ಲ.

ಹಂತ 5: ಕೈಗೆ ಸಿಗುವ ಸಾಮಗ್ರಿ

ಥರ್ಮಾಕೋಲ್, ಮಿನುಗುಪುಡಿ, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಮಾದರಿಗಳು ಬೇಡ. ಅವು ದುಬಾರಿ, ಮತ್ತು ಅವುಗಳ ಕೆಲಸ ಕೊನೆಗೆ ಅಪ್ಪ ಅಮ್ಮನ ಪಾಲಾಗುತ್ತದೆ. ಎಲ್ಲ ಕೆಲಸವೂ ಶಾಲೆಯಲ್ಲೇ, ಮಕ್ಕಳ ಕೈಯಲ್ಲೇ ಆಗಬೇಕೆಂಬ ನಿಯಮವನ್ನು ಪೋಷಕರ ಸಭೆಯಲ್ಲಿ ಹೇಳಿಬಿಡಿ. ರಟ್ಟು, ಹಳೆಯ ಪಂಚೆ, ತೆಂಗಿನ ಕಡ್ಡಿ, ಹುಣಸೆ ಬೀಜ, ಕೆಮ್ಮಣ್ಣು, ಅಕ್ಕಿಹಿಟ್ಟು, ಸುಣ್ಣದ ಕಡ್ಡಿ ಇವಿಷ್ಟರಲ್ಲಿ ವರ್ಷ ಸಾಗುತ್ತದೆ. ಸೂಜಿ, ಕತ್ತರಿಗಳನ್ನು ಎಣಿಸಿ ಕೊಟ್ಟು ಎಣಿಸಿ ಪಡೆಯಿರಿ.

ಹಂತ 6: ತರಗತಿಯಲ್ಲಿ ನಡೆಸುವುದು

ಇಲ್ಲಿ ಮೂರು ಘಟಕಗಳನ್ನು ಕೊಡುತ್ತೇನೆ. ಮೊದಲನೆಯದನ್ನು ಪೂರ್ತಿಯಾಗಿ, ಏಕೆಂದರೆ ಅದರ ಅಚ್ಚನ್ನು ಬೇರೆ ಪಾಠಗಳಿಗೂ ಬಳಸಬಹುದು.

ಬೆಳಕು ಮತ್ತು ನೆರಳು, ಆರನೆಯ ತರಗತಿ, ತೊಗಲು ಗೊಂಬೆಯಾಟ. ಪಾರದರ್ಶಕ, ಅರೆಪಾರದರ್ಶಕ, ಅಪಾರದರ್ಶಕ ವಸ್ತುಗಳ ವ್ಯಾಖ್ಯೆಯನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ ಕೆಂಪು ರಟ್ಟಿನ ನೆರಳು ಯಾವ ಬಣ್ಣ ಎಂದು ಕೇಳಿದರೆ ಹಲವರು ‘ಕೆಂಪು’ ಎನ್ನುತ್ತಾರೆ. ತೊಗಲು ಗೊಂಬೆಗೆ ಈ ಗೊಂದಲವೇ ಬಂಡವಾಳ. ಹದ ಮಾಡಿದ ತೆಳ್ಳನೆಯ ಚರ್ಮ ಅರೆಪಾರದರ್ಶಕವಾದ್ದರಿಂದಲೇ ಅದರ ಬಣ್ಣ ಪರದೆಯ ಮೇಲೆ ಮೂಡುತ್ತದೆ. ಆಭರಣಗಳ ಜಾಗದಲ್ಲಿ ಕೊರೆದ ಸಣ್ಣ ರಂಧ್ರಗಳ ಮೂಲಕ ಬೆಳಕು ನೇರವಾಗಿ ಹೊಳೆಯುತ್ತದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗಾಗಿಯೇ. ಅವರ ಆಟದ ಒಂದು ತುಣುಕನ್ನು ಮೊಬೈಲಿನಲ್ಲಿ ತೋರಿಸಿ ಆರಂಭಿಸಬಹುದು.

ಮೊದಲ ಜೋಡಿ ಅವಧಿಯಲ್ಲಿ ಕಿಟಕಿ ಮುಚ್ಚಿದ ಕೊಠಡಿಯ ಮೂಲೆಗೆ ಬಿಳಿ ಪಂಚೆಯನ್ನು ಬಿಗಿಯಾಗಿ ಕಟ್ಟಿ, ಹಿಂದೆ ಮೊಬೈಲಿನ ಟಾರ್ಚ್ ಇಡಿ. ಸ್ಟೀಲ್ ಲೋಟ, ನೀರಿನ ಬಾಟಲಿ, ಕೆಂಪು ರಟ್ಟು, ಬಣ್ಣದ ಜಿಲೆಟಿನ್ ಹಾಳೆ, ಅಡುಗೆ ಎಣ್ಣೆ ಸವರಿದ ಬಿಳಿ ಕಾಗದ ಇವನ್ನು ಒಂದೊಂದಾಗಿ ಹಿಡಿಯುವ ಮೊದಲು, ಪರದೆಯ ಮೇಲೆ ಏನು ಕಾಣಬಹುದೆಂದು ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ಬರೆದ ನಂತರವೇ ಹಿಡಿಯಿರಿ. ಈ ಊಹೆಯ ಸಾಲನ್ನು ಬಿಟ್ಟುಬಿಟ್ಟರೆ ಮಕ್ಕಳು ನೋಡಿ ಸಂತೋಷಪಡುತ್ತಾರೆಯೇ ಹೊರತು ತಮ್ಮ ತಿಳಿವಳಿಕೆ ಎಲ್ಲಿ ತಪ್ಪಿತೆಂದು ಗಮನಿಸುವುದಿಲ್ಲ. ಎಣ್ಣೆಯ ದೀಪ, ಮೇಣದಬತ್ತಿಗಳನ್ನು ಬಟ್ಟೆಯ ಬಳಿ ತರಲೇಬೇಡಿ.

ಎರಡನೆಯ ಜೋಡಿ ಅವಧಿಯಲ್ಲಿ ಐದೈದು ಮಕ್ಕಳ ಗುಂಪುಗಳು ಗೊಂಬೆ ಮಾಡುತ್ತವೆ. ಪ್ರತಿ ಗೊಂಬೆಯಲ್ಲೂ ಒಂದು ಅಪಾರದರ್ಶಕ ಭಾಗ, ಒಂದು ಅರೆಪಾರದರ್ಶಕ ಭಾಗ, ಬೆಳಕು ನೇರ ಹಾಯುವ ಒಂದು ರಂಧ್ರ ಇರಲೇಬೇಕು. ಎರಡು ನಿಮಿಷದ ಕತೆಯಲ್ಲಿ ಒಂದು ಪಾತ್ರ ಒಮ್ಮೆ ದೊಡ್ಡದಾಗಲೇಬೇಕು. ವಿಜ್ಞಾನದ ಷರತ್ತನ್ನು ಹೀಗೆ ಕಲೆಯ ಒಳಗೇ ಇಡುವುದು ಇಡೀ ವಿಧಾನದಲ್ಲಿ ಅತ್ಯಂತ ಉಪಯುಕ್ತವಾದ ಉಪಾಯ. ಪಾತ್ರವನ್ನು ದೊಡ್ಡದಾಗಿಸಲು ಗೊಂಬೆಯನ್ನು ಪರದೆಯಿಂದ ದೀಪದ ಕಡೆಗೆ ಸರಿಸಬೇಕೆಂದು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಟಾರ್ಚ್ ಬದಲು ಉದ್ದನೆಯ ಟ್ಯೂಬ್‌ಲೈಟ್ ಇಟ್ಟು ನೋಡಿದರೆ, ಪರದೆಯಿಂದ ದೂರ ಸರಿದ ಗೊಂಬೆಯ ಅಂಚು ಮಸುಕಾಗುತ್ತದೆ. ಆಟಗಾರರು ಗೊಂಬೆಯನ್ನು ಪರದೆಗೆ ಒತ್ತಿ ಹಿಡಿಯುವುದು ಏಕೆಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಉತ್ತರವನ್ನು ನೀವು ಬೇಗ ಹೇಳಿಬಿಡಬೇಡಿ. ಕತೆಗೆ ಅತಿಯಾಗಿ ಸಮಯ ಹೋಗುವ ಅಪಾಯ ಇಲ್ಲಿದೆ, ಆದ್ದರಿಂದ ಗೊತ್ತಿರುವ ಪಂಚತಂತ್ರದ ಕತೆಯನ್ನೋ ಊರಿನ ಕತೆಯನ್ನೋ ಬಳಸಲು ಹೇಳಿ.

ಐದನೆಯ ಅವಧಿಯಲ್ಲಿ ಆಟ. ಆರನೆಯದರಲ್ಲಿ ಏನು ಮಾಡಬೇಕೆಂಬುದನ್ನು ಮುಂದಿನ ಹಂತದಲ್ಲಿ ಹೇಳಿದ್ದೇನೆ.

ಲ.ಸಾ.ಅ., ಆರನೆಯ ತರಗತಿ, ತಾಳ. ಲಘುತಮ ಸಾಮಾನ್ಯ ಅಪವರ್ತ್ಯವನ್ನು, ಅಂದರೆ ಎರಡು ಸಂಖ್ಯೆಗಳ ಮಗ್ಗಿಯಲ್ಲೂ ಬರುವ ಅತಿ ಚಿಕ್ಕ ಸಂಖ್ಯೆಯನ್ನು, ಮಕ್ಕಳು ಎರಡು ಸಂಖ್ಯೆಗಳನ್ನು ಗುಣಿಸಿ ಪಡೆಯುವುದು ಸಾಮಾನ್ಯ ತಪ್ಪು. ತರಗತಿಯನ್ನು ಮೂರು ಗುಂಪು ಮಾಡಿ. ಒಂದು ಗುಂಪು ಬೆಂಚಿನ ಮೇಲೆ ಸಮವಾಗಿ ಬಡಿಯುತ್ತ ಲಯ ಹಿಡಿಯಲಿ. ಎರಡನೆಯದು ಪ್ರತಿ ಮೂರನೆಯ ಬಡಿತಕ್ಕೆ ಹೊಸ ಸುತ್ತು ಆರಂಭಿಸಿ ಮೊದಲ ಎಣಿಕೆಗೆ ಚಪ್ಪಾಳೆ ಹೊಡೆಯಲಿ, ಮೂರನೆಯದು ಪ್ರತಿ ನಾಲ್ಕಕ್ಕೆ. ಹನ್ನೆರಡು ಬಡಿತಗಳು ಮುಗಿದಾಗ ಎರಡೂ ಚಪ್ಪಾಳೆಗಳು ಮತ್ತೆ ಒಟ್ಟಿಗೆ ಬೀಳುತ್ತವೆ. ಆಮೇಲೆ 4 ಮತ್ತು 6ನ್ನು ಕೊಡಿ. ಮಕ್ಕಳು 24 ಎಂದು ಊಹಿಸುತ್ತಾರೆ. ಚಪ್ಪಾಳೆ 12ಕ್ಕೇ ಕೂಡುತ್ತದೆ. ಆ ಕ್ಷಣದ ಅಚ್ಚರಿಯೇ ಪಾಠ. ಕೊನೆಗೆ ಎಂಟು ಎಣಿಕೆಯ ಆದಿ ತಾಳವನ್ನೂ ಆರು ಎಣಿಕೆಯ ರೂಪಕ ತಾಳವನ್ನೂ ಎದುರುಬದುರು ಇಟ್ಟರೆ, ಆದಿ ಮೂರು ಆವರ್ತ (ಸುತ್ತು) ಮತ್ತು ರೂಪಕ ನಾಲ್ಕು ಆವರ್ತ ಮುಗಿಸಿ 24ಕ್ಕೆ ಸೇರುತ್ತವೆ. ಇಲ್ಲಿ ತಪ್ಪದೆ ಆಗುವ ತೊಂದರೆಯೆಂದರೆ ಮಕ್ಕಳು ಉತ್ಸಾಹದಲ್ಲಿ ವೇಗ ಏರಿಸುವುದು. ಲಯ ಹಿಡಿಯುವ ಗುಂಪಿಗೆ ನಿಧಾನವಾದ, ಗಟ್ಟಿ ಮಕ್ಕಳನ್ನು ಆರಿಸಿ, ಉಳಿದವರು ಅವರನ್ನು ಕೇಳಿಯೇ ಹೊಡೆಯಬೇಕೆಂದು ಹೇಳಿ.

ಸಮಾಜ ವಿಜ್ಞಾನ, ಏಳು ಅಥವಾ ಎಂಟನೆಯ ತರಗತಿ, ತಾಳಮದ್ದಳೆ. ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ವಾದಿಸುತ್ತಾರೆ. ಬಾಯಿಪಾಠದ ಸಂಭಾಷಣೆ ಇರುವುದಿಲ್ಲವಾದ್ದರಿಂದ ವಿಷಯ ತಿಳಿಯದ ಅರ್ಥಧಾರಿ ಮಾತು ನಿಲ್ಲಿಸಬೇಕಾಗುತ್ತದೆ. 1824ರ ಕಿತ್ತೂರನ್ನು ತೆಗೆದುಕೊಳ್ಳಿ. ದತ್ತುಪುತ್ರ ಶಿವಲಿಂಗಪ್ಪನನ್ನು ಕಂಪನಿ ಸರ್ಕಾರ ಒಪ್ಪದಿದ್ದಾಗ ರಾಣಿ ಚೆನ್ನಮ್ಮನ ಪಕ್ಷದ ವಾದವೇನು, ಧಾರವಾಡದ ಕಲೆಕ್ಟರ್ ಥ್ಯಾಕರೆಯ ಪಕ್ಷದ ವಾದವೇನು? ಎರಡು ಗುಂಪುಗಳು ಪಠ್ಯದಿಂದಲೂ ಗ್ರಂಥಾಲಯದಿಂದಲೂ ಅಂಶಗಳನ್ನು ಆರಿಸಿ, ಒಂದು ಹಾಳೆಯಲ್ಲಿ ‘ಆಧಾರವಿರುವುದು’ ಮತ್ತು ‘ನಾವು ಊಹಿಸಿದ್ದು’ ಎಂದು ಬೇರೆ ಬೇರೆಯಾಗಿ ಬರೆದುಕೊಳ್ಳಲಿ. ಮರುವಾರ ಪಕ್ಷ ಅದಲು ಬದಲಾಗಲಿ. ಥ್ಯಾಕರೆಯ ಪರವಾಗಿ ಮಾತಾಡಿದವರು ಚೆನ್ನಮ್ಮನ ಪರವಾಗಿ ಮಾತಾಡಲಿ. ಎಚ್ಚರ ವಹಿಸಬೇಕಾದ ಜಾಗವೊಂದಿದೆ: ದತ್ತು ಎಂದೊಡನೆ ಮಕ್ಕಳು, ದತ್ತು ಮಕ್ಕಳಿಗೆ ರಾಜ್ಯದ ಹಕ್ಕಿಲ್ಲವೆಂಬ ನೀತಿಗೆ ಹೆಸರಾದ ಡಾಲ್‌ಹೌಸಿಯನ್ನು ತರುತ್ತಾರೆ. ಆತ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ, ಕಿತ್ತೂರಿನ ಯುದ್ಧ ನಡೆದು ಎರಡು ದಶಕಗಳು ಕಳೆದ ಮೇಲೆ. ಮಾತಿನ ರಭಸದಲ್ಲಿ ಇಂಥ ತಪ್ಪು ತೇಲಿಹೋಗದಂತೆ ಒಬ್ಬ ವಿದ್ಯಾರ್ಥಿಗೆ ಕಾಲಗಣನೆ ನೋಡಿಕೊಳ್ಳುವ ಹೊಣೆ ಕೊಡಿ. ಉತ್ತರ ಕರ್ನಾಟಕದಲ್ಲಿ ಇದೇ ಕೆಲಸವನ್ನು ಗೀಗೀ ಪದದ ಹರದೇಶಿ-ನಾಗೇಶಿ ವಾದದ (ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಎರಡು ಪಕ್ಷಗಳು ಹಾಡಿನಲ್ಲೇ ನಡೆಸುವ ವಾದ) ಧಾಟಿಯಲ್ಲಿ ಮಾಡಿಸಬಹುದು.

ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಯೋಜನೆಯ ಮೊದಲ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೇಳಿಸದ ಮಗು ಬಡಿಯುವ ಬೆಂಚಿನ ಮೇಲೆ ಅಂಗೈ ಊರಿ ಕಂಪನದಿಂದ ತಾಳ ಹಿಡಿಯಬಲ್ಲುದು. ಕಾಣದ ಮಗುವಿಗೆ ರಂಗೋಲಿಯ ಚುಕ್ಕಿಗಳನ್ನು ಹುಣಸೆ ಬೀಜದಲ್ಲಿ, ಎಳೆಯನ್ನು ದಪ್ಪ ದಾರದಲ್ಲಿ ಅಂಟಿಸಿ ಕೊಡಿ. ಆ ಮಗುವನ್ನು ‘ನೀನು ಚಪ್ಪಾಳೆ ತಟ್ಟಿ ಪ್ರೋತ್ಸಾಹಿಸು’ ಎಂದು ಬದಿಗೆ ಕೂರಿಸುವುದು ಅನ್ಯಾಯ.

ಹಂತ 7: ಪಾಠಕ್ಕೆ ಮರಳಿ

ಗೊಂಬೆಯಾಟ ಚೆನ್ನಾಗಿ ಆಯಿತು, ಮಕ್ಕಳು ನಕ್ಕರು, ಗಂಟೆ ಹೊಡೆಯಿತು. ಅಲ್ಲಿಗೇ ಬಿಟ್ಟರೆ ಮಕ್ಕಳಿಗೆ ನೆನಪಿರುವುದು ಆಟ ಮಾತ್ರ. ಕೊನೆಯ ಅವಧಿಯನ್ನು ಇದಕ್ಕಾಗಿಯೇ ಕಾಯ್ದಿರಿಸಬೇಕು, ಮತ್ತು ಅದನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬಾರದು. ಗೊಂಬೆಗಳನ್ನು ಎತ್ತಿಟ್ಟು, ಮೊದಲ ದಿನ ಬರೆದ ಊಹೆಗಳನ್ನು ತೆರೆಸಿ. ಯಾವುದು ಸರಿಯಾಯಿತು, ಯಾವುದು ತಪ್ಪಿತು, ಏಕೆ? ನಂತರ ಗೊಂಬೆ, ದೀಪ, ಪರದೆಯ ಕಿರಣ ಚಿತ್ರವನ್ನು, ಅಂದರೆ ಬೆಳಕು ಸಾಗುವ ದಾರಿಯನ್ನು ನೇರ ಗೆರೆಗಳಲ್ಲಿ ತೋರಿಸುವ ಚಿತ್ರವನ್ನು, ಪ್ರತಿ ಮಗುವೂ ಒಬ್ಬಂಟಿಯಾಗಿ ಬರೆಯಲಿ. ಕೊನೆಗೆ ಗೊಂಬೆಯಾಟದ ಆಚೆಗಿನ ಒಂದು ಪ್ರಶ್ನೆ: ಬೆಳಿಗ್ಗೆ ಶಾಲೆಗೆ ಬರುವಾಗ ನಿನ್ನ ನೆರಳು ಉದ್ದವಿತ್ತು, ಊಟದ ಗಂಟೆಗೆ ಗಿಡ್ಡವಾಯಿತು, ಇದಕ್ಕೂ ದೀಪ ಇಟ್ಟ ಜಾಗಕ್ಕೂ ಏನು ಸಂಬಂಧ? ಇದಕ್ಕೆ ಸ್ವಂತ ಮಾತಿನಲ್ಲಿ ಉತ್ತರ ಬರೆದ ಮಗು ಕಲಿತಿದೆ ಎಂದು ಧೈರ್ಯವಾಗಿ ಹೇಳಬಹುದು.

ಹಂತ 8: ಮೌಲ್ಯಮಾಪನ

ಚಂದಕ್ಕೆ ಅಂಕ ಕೊಡಬೇಡಿ. ಕೊಟ್ಟರೆ ಕೈಚಳಕವಿರುವ ಎರಡು ಮೂರು ಮಕ್ಕಳು ಮುಂದೆ ಬಂದು, ಉಳಿದವರು ‘ನನಗೆ ಚಿತ್ರ ಬರುವುದಿಲ್ಲ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಹಾಗೆ ಒಮ್ಮೆ ತೀರ್ಮಾನಿಸಿದ ಮಗುವನ್ನು ಮತ್ತೆ ಕುಂಚ ಹಿಡಿಯುವಂತೆ ಮಾಡುವುದು ಬಹಳ ಕಷ್ಟ. ಇದಕ್ಕೆ ರೂಬ್ರಿಕ್ ಬೇಕು, ಅಂದರೆ ಯಾವ ಅಂಶವನ್ನು ನೋಡುತ್ತೇವೆ, ಪ್ರತಿ ಮಟ್ಟದಲ್ಲಿ ಕೆಲಸ ಹೇಗಿರುತ್ತದೆ ಎಂದು ಮೊದಲೇ ಬರೆದಿಟ್ಟ ಪಟ್ಟಿ. ನೆರಳಿನ ಘಟಕಕ್ಕೆ ನಾಲ್ಕು ಅಂಶ ಸಾಕು: ವಸ್ತುಗಳನ್ನು ಕಾರಣಸಹಿತ ವಿಂಗಡಿಸಿದ್ದು, ಊಹೆ ತಪ್ಪಿದಾಗ ಏನು ಬದಲಿಸಿದೆನೆಂದು ಬರೆದದ್ದು, ಗೊಂಬೆಯಲ್ಲಿ ಮೂರೂ ಷರತ್ತುಗಳನ್ನು ಪೂರೈಸಿದ್ದು, ಗುಂಪಿನಲ್ಲಿ ತನ್ನ ಪಾಲಿನ ಕೆಲಸ ಮುಗಿಸಿದ್ದು. ಮೂರನೆಯದು ಕಲೆಯ ಶಿಸ್ತಿಗೆ ಸಂಬಂಧಿಸಿದ್ದು, ಅಂದಕ್ಕಲ್ಲ. ಈ ಪಟ್ಟಿಯನ್ನು ಮಕ್ಕಳಿಗೆ ಮೊದಲ ದಿನವೇ ಓದಿ ಹೇಳಿ. ಅಂಕಗಳನ್ನು ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ಕಲಿಕೆ ನಡೆಯುತ್ತಿರುವಾಗಲೇ ಮಾಡುವ ಮೌಲ್ಯಮಾಪನದ, ಚಟುವಟಿಕೆಯಾಗಿ ದಾಖಲಿಸಬಹುದು. ಪ್ರತ್ಯೇಕ ಪರೀಕ್ಷೆ ಬೇಕಿಲ್ಲ.

ಸಿಬಿಎಸ್‌ಇ ಶಾಲೆಗಳಲ್ಲಿ ಕಲಾ ಸಂಯೋಜಿತ ಯೋಜನಾ ಕಾರ್ಯ ಕಡ್ಡಾಯವಾಗಿರುವುದರಿಂದ ಅಲ್ಲಿನ ತೊಂದರೆ ಬೇರೆ ಬಗೆಯದು. ರಾಜ್ಯಗಳನ್ನು ಜೋಡಿ ಮಾಡಿ ಒಬ್ಬರ ಸಂಸ್ಕೃತಿಯನ್ನು ಇನ್ನೊಬ್ಬರಿಗೆ ಪರಿಚಯಿಸುವ ಕೇಂದ್ರ ಸರ್ಕಾರದ ‘ಏಕ ಭಾರತ ಶ್ರೇಷ್ಠ ಭಾರತ’ ಕಾರ್ಯಕ್ರಮದ ಅಡಿ ಕರ್ನಾಟಕಕ್ಕೆ ಜೋಡಿಯಾಗಿರುವುದು ಉತ್ತರಾಖಂಡ. ಮಕ್ಕಳು ಜಾಲತಾಣದಿಂದ ಅಲ್ಲಿನ ಚಿತ್ರಗಳನ್ನು ಮುದ್ರಿಸಿ ಹಾಳೆಗೆ ಅಂಟಿಸಿ ತರುತ್ತಾರೆ, ಅಷ್ಟಕ್ಕೆ ಯೋಜನೆ ಮುಗಿಯುತ್ತದೆ. ಅದರ ಬದಲು ಕುಮಾವೂಂ ಪ್ರದೇಶದ ಐಪಣ್ ಕಲೆಯನ್ನೂ ನಮ್ಮ ಹಸೆ ಚಿತ್ತಾರವನ್ನೂ ಅಕ್ಕಪಕ್ಕ ಇಡಿ. ಎರಡರಲ್ಲೂ ಕೆಂಪು ಮಣ್ಣಿನ ಹಿನ್ನೆಲೆ, ಅಕ್ಕಿಹಿಟ್ಟಿನ ಬಿಳಿ ಗೆರೆ. ಎರಡನ್ನೂ ಬರೆಯುತ್ತ ಬಂದವರು ಹೆಣ್ಣುಮಕ್ಕಳು. ಐಪಣ್‌ಗೆ ಬೆರಳೇ ಸಾಧನ, ಚಿತ್ತಾರಕ್ಕೆ ಪುಂಡಿ ನಾರಿನ ಕುಂಚ. ಗೆರೆಯ ತೆಳುವಿನಲ್ಲಿ ಆ ವ್ಯತ್ಯಾಸ ಕಾಣುತ್ತದೆ. ಎರಡೂ ಕಡೆ ಭತ್ತ ಹೇಗೆ ಬೆಳೆಯುತ್ತಾರೆ, ಕೆಂಪು ಮಣ್ಣು ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಯಿಂದ ಭೂಗೋಳದ ಪಾಠ ತಾನಾಗಿ ತೆರೆದುಕೊಳ್ಳುತ್ತದೆ.

ಹಂತ 9: ತರಗತಿಯಿಂದ ತರಗತಿಗೆ ಜೋಡಿಸಿ

ಒಬ್ಬ ಶಿಕ್ಷಕರ ಒಂದು ಘಟಕ ಪಠ್ಯಕ್ರಮವಾಗುವುದು ಇಲ್ಲಿ. ಒಂದರಿಂದ ಮೂರನೆಯ ತರಗತಿಯಲ್ಲಿ ಹೊಸದಾಗಿ ಏನನ್ನೂ ಹೇರಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಹಾಡು, ಆಟ, ಕತೆಗಳು ಕಲಿಕೆಯ ಒಳಗೇ ಇವೆ. ಅವನ್ನು ಅವಸರದಲ್ಲಿ ಹಾರಿಸದೆ ಪೂರ್ತಿ ಮಾಡಿಸಿ. ನಾಲ್ಕು, ಐದರಲ್ಲಿ ಕೈಕೆಲಸ ಪ್ರಧಾನವಾದ ಘಟಕಗಳು: ಮಣ್ಣು, ರಂಗೋಲಿ, ಚಿತ್ತಾರ. ಆರರಿಂದ ಎಂಟರಲ್ಲಿ ತಾಳ, ಗೊಂಬೆ, ಛಂದಸ್ಸು, ವಾದ. ಐದರಲ್ಲಿ ರಂಗೋಲಿಯ ಚುಕ್ಕಿ ಎಣಿಸಿದ ಮಗು ಏಳರಲ್ಲಿ ಕಸೂತಿಯ ಎಳೆ ಎಣಿಸುವಂತೆ, ಒಂದರ ಮೇಲೊಂದು ಕೂರುವ ಹಾಗೆ ಶಿಕ್ಷಕರೆಲ್ಲ ಒಟ್ಟಿಗೆ ಕುಳಿತು ಒಂದು ಹಾಳೆಯ ನಕ್ಷೆ ಮಾಡಿ. ಶಾಲಾ ವಾರ್ಷಿಕೋತ್ಸವ, ಪ್ರತಿಭಾ ಕಾರಂಜಿಗಳ ತಯಾರಿಯನ್ನು ಈ ನಕ್ಷೆಗೆ ಬೆರೆಸಬೇಡಿ. ಅಲ್ಲಿ ಆರಿಸಿದ ಕೆಲವರು ಪ್ರದರ್ಶಿಸುತ್ತಾರೆ, ಇಲ್ಲಿ ತರಗತಿಯ ಪ್ರತಿ ಮಗುವೂ ಮಾಡುತ್ತದೆ.

ಸರ್ಕಾರಿ ಶಾಲೆಗಳಲ್ಲಿ ವರ್ಗಾವಣೆ ಸಹಜವಾದ್ದರಿಂದ ದಾಖಲೆ ಮುಖ್ಯ. ಪ್ರತಿ ಘಟಕ ಮುಗಿದ ವಾರದಲ್ಲೇ ಎರಡು ಪುಟ ಬರೆದಿಡಿ: ಯಾವ ಕಲಿಕಾ ಫಲ, ಎಷ್ಟು ಅವಧಿ ನಿಜವಾಗಿ ಹಿಡಿಯಿತು, ಮಕ್ಕಳ ಯಾವ ಊಹೆಗಳು ತಪ್ಪಿದವು, ಯಾವ ಸಾಮಗ್ರಿ ಸಾಲಲಿಲ್ಲ, ಬಂದ ಕಲಾವಿದರ ಹೆಸರು ಮತ್ತು ಅವರಿಗೆ ಬಿಡುವಿರುವ ತಿಂಗಳು. ಅದಕ್ಕೆ ಮಕ್ಕಳ ಮೂರು ಕೆಲಸಗಳ ಫೋಟೋ ಸೇರಿಸಿ: ಚೆನ್ನಾಗಿ ಬಂದದ್ದೊಂದು, ಸಾಧಾರಣವಾದದ್ದೊಂದು, ಅರ್ಧಕ್ಕೆ ನಿಂತದ್ದೊಂದು. ಈ ಕಡತವನ್ನು ಮುಖ್ಯ ಶಿಕ್ಷಕರ ಕಪಾಟಿನಲ್ಲಿ ಪಾಠ ಯೋಜನೆಗಳ ಜೊತೆಗೇ ಇಡಿ, ಮತ್ತು ಮುಂದಿನ ಜೂನ್‌ನಲ್ಲಿ ಕ್ರಿಯಾಯೋಜನೆ ತಯಾರಿಸುವ ಸಭೆಗೆ ಅದನ್ನು ತೆಗೆದುಕೊಂಡು ಹೋಗಿ.